ಮೊದಲ ಮಾತ್ರೆಗೆ ಮುಂಚೆ ಒಂದು ಸ್ಯಾಂಪಲ್

ಪರದೆ ಮೇಲಿರೋ ಈ ಫೋಟೋನ ಒಂದು ನಿಮಿಷ ಸುಮ್ನೆ ನೋಡಿ. ಅಂಗೈ ಅಗಲದ ದುಂಡಗಿನ ಪ್ಲೇಟು, ಒಳಗೆ ತಿಳಿ ಹಳದಿ ಬಣ್ಣದ ಜೆಲ್ಲಿ ಥರದ್ದು, ಅದರ ಮೇಲೆ ಐದು ಬಿಳಿ ಬಿಲ್ಲೆ. ಬಿಲ್ಲೆ ಅಂದ್ರೆ ಬರೀ ಕಾಗದ, 6 ಮಿಲಿಮೀಟರ್ ಅಗಲ, ಒಂದೊಂದರಲ್ಲೂ ಒಂದೊಂದು ಆಂಟಿಬಯಾಟಿಕ್ ಹೀರಿಸಿರ್ತಾರೆ. ಪ್ಲೇಟ್ ಪೂರ್ತಿ ಮಂಜು ಕವಿದಂಗೆ ಕಾಣ್ತಿದೆಯಲ್ಲ, ಅದು ಬ್ಯಾಕ್ಟೀರಿಯಾ. ಎರಡು ಬಿಲ್ಲೆ ಸುತ್ತ ಮಾತ್ರ ಮಂಜಿಲ್ಲ, ತಿಳಿಯಾಗಿ ಒಂದೊಂದು ವೃತ್ತ ಇದೆ, ಅಂದ್ರೆ ಅಲ್ಲಿ ಔಷಧಿ ಬ್ಯಾಕ್ಟೀರಿಯಾನ ಬೆಳೆಯೋಕೆ ಬಿಟ್ಟಿಲ್ಲ. ಉಳಿದ ಮೂರು ಬಿಲ್ಲೆಗೆ ಅಂಚಿನ ತನಕ ಮಂಜು ಬಂದು ಮುಟ್ಟಿಬಿಟ್ಟಿದೆ, ಆ ಔಷಧಿಗಳಿಗೆ ಈ ಬ್ಯಾಕ್ಟೀರಿಯಾ ಬಗ್ಗಿಲ್ಲ. ಆ ಮೂರು ಯಾವುವು ಗೊತ್ತಾ, ಸಿಪ್ರೊಫ್ಲಾಕ್ಸಸಿನ್, ಸೆಫ್ಟ್ರಿಯಾಕ್ಸೋನ್, ಕೋಟ್ರೈಮಾಕ್ಸಜೋಲ್. ನಿಮ್ಮಲ್ಲಿ ಅರ್ಧ ಜನಕ್ಕಾದ್ರೂ ಇದರಲ್ಲಿ ಒಂದು ಹೆಸರು ಗೊತ್ತಿರುತ್ತೆ, ಚೀಟಿಲಿ ನೋಡಿರ್ತೀರ.

ಇದು ಐವತ್ತು ದಾಟಿದ ಒಬ್ಬ ಹೆಣ್ಣುಮಗಳ ಮೂತ್ರದಿಂದ ಬೆಳೆಸಿದ್ದು. ಶುಗರ್ ಇದೆ, ನಾಲ್ಕು ತಿಂಗಳಲ್ಲಿ ಮೂರನೇ ಸಲ ಉರಿಮೂತ್ರ. ಮೊದಲೆರಡು ಸಲ ಲ್ಯಾಬ್ ಕಡೆ ಬಂದೇ ಇಲ್ಲ, ಮೆಡಿಕಲ್‌ನಲ್ಲಿ ಹೇಳಿ ಮಾತ್ರೆ ತಗೊಂಡ್ರು, ಎರಡು ದಿನಕ್ಕೆ ಉರಿ ಕಮ್ಮಿ ಆಯ್ತು, ಬಿಟ್ರು. ಮೂರನೇ ಸಲ ಅದೇ ಮಾತ್ರೆ ಕೆಲಸ ಮಾಡಲಿಲ್ಲ ಅಂತ ಆಸ್ಪತ್ರೆಗೆ ಬಂದ್ರು, ಆವಾಗ ಲ್ಯಾಬ್‌ನಲ್ಲಿರೋ ನಮ್ಮ ಕೈಗೆ ಬಂತು ಮೂತ್ರದ ಆ ಪುಟ್ಟ ಡಬ್ಬಿ.

ಲ್ಯಾಬ್ ಒಳಗೆ ಏನಾಗುತ್ತೆ ಅನ್ನೋದು ಜನಕ್ಕೆ ಗೊತ್ತೇ ಇರಲ್ಲ. ಸ್ಯಾಂಪಲ್ ಕೊಟ್ಟು ಅರ್ಧ ಗಂಟೆಗೆ ಕಿಟಕಿ ಹತ್ರ ಬಂದು ರಿಪೋರ್ಟ್ ಆಯ್ತಾ ಮೇಡಂ ಅಂತಾರೆ, ಎರಡು ದಿನ ಅಂದ್ರೆ ಮುಖ ಸಪ್ಪಗಾಗುತ್ತೆ. ಹಾಲಿಗೆ ಹೆಪ್ಪು ಹಾಕ್ತೀರಲ್ಲ, ಒಂದು ಚಮಚ ಮೊಸರು ಹಾಕಿ ರಾತ್ರಿ ಮುಚ್ಚಿಡ್ತೀರ, ಬೆಳಿಗ್ಗೆ ಗಟ್ಟಿ ಆಗಿರುತ್ತೆ. ಮಧ್ಯರಾತ್ರಿ ಎದ್ದು ಇನ್ನೂ ಯಾಕೆ ಆಗಿಲ್ಲ ಅಂದ್ರೆ ಆಗುತ್ತಾ? ಕಲ್ಚರ್ ಅಂದ್ರೆ ಅದೇ ಕೆಲಸ, ಸ್ಯಾಂಪಲ್‌ನಲ್ಲಿರೋ ಬ್ಯಾಕ್ಟೀರಿಯಾನ ಬೆಳೆಸಿ ನೋಡೋದು. ಒಂದು ಲೂಪ್ ಇರುತ್ತೆ, ಕಡ್ಡಿ ತುದಿಲಿ ಸಾಸಿವೆ ಕಾಳಿಗಿಂತ ಚಿಕ್ಕ ಉಂಗುರ, ಅದರಲ್ಲಿ ಸರಿಯಾಗಿ ಒಂದು ಮಿಲಿಲೀಟರಿನ ಸಾವಿರದಲ್ಲಿ ಒಂದು ಪಾಲು ಮೂತ್ರ ನಿಲ್ಲುತ್ತೆ. ಅದನ್ನ ಪ್ಲೇಟ್ ಮೇಲೆ ಗೀರಿ ಇನ್‌ಕ್ಯುಬೇಟರ್‌ನಲ್ಲಿ ಇಡ್ತೀವಿ, ನಮ್ಮ ಮೈ ಬಿಸಿ ಎಷ್ಟೋ ಅಷ್ಟೇ ಬಿಸಿ ಅಲ್ಲೂ. ಈ.ಕೋಲಿ ಥರದ ಬ್ಯಾಕ್ಟೀರಿಯಾ ಅನುಕೂಲ ಸಿಕ್ಕಿದ್ರೆ ಇಪ್ಪತ್ತು ನಿಮಿಷಕ್ಕೆ ಒಂದು ಎರಡಾಗುತ್ತೆ, ಎರಡು ನಾಲ್ಕಾಗುತ್ತೆ, ಬೆಳಿಗ್ಗೆ ಹೊತ್ತಿಗೆ ಒಂದೇ ಒಂದು ಕಣ ಇದ್ದ ಜಾಗದಲ್ಲಿ ಕಣ್ಣಿಗೆ ಕಾಣೋ ಚುಕ್ಕೆ. ಮ್ಯಾಕ್‌ಕಾಂಕಿ ಅಂತ ಒಂದು ಪ್ಲೇಟ್ ಇದೆ, ಅದರ ಮೇಲೆ ಈ.ಕೋಲಿ ಗುಲಾಬಿ ಬಣ್ಣಕ್ಕೆ ಬರುತ್ತೆ, ಒಣಗಿದ ಕುಂಕುಮದ ಬೊಟ್ಟು ಇಟ್ಟಂಗೆ. ಚುಕ್ಕೆ ಎಣಿಸ್ತೀವಿ. ಆ ಒಂದು ಲೂಪಿಗೆ ನೂರು ಚುಕ್ಕೆ ಬಂದ್ರೆ ಒಂದು ಮಿಲಿಲೀಟರಿಗೆ ಒಂದು ಲಕ್ಷ ಅಂತ ಲೆಕ್ಕ.

ಅದು ಮೊದಲನೇ ದಿನ. ಎರಡನೇ ದಿನ ಆ ಚುಕ್ಕೆ ತಗೊಂಡು ಸಲೈನ್‌ನಲ್ಲಿ ಕಲಸಿ, ಎಷ್ಟು ಮಬ್ಬಿರಬೇಕೋ ಅಷ್ಟೇ ಮಬ್ಬು ಮಾಡಿ, ಹತ್ತಿ ಕಡ್ಡಿಲಿ ಹೊಸ ಪ್ಲೇಟ್ ಪೂರ್ತಿ ಬಳಿದು, ಈ ಬಿಲ್ಲೆಗಳನ್ನ ಇಡ್ತೀವಿ. ಮತ್ತೆ ಒಂದು ರಾತ್ರಿ. ಮಾರನೇ ಬೆಳಿಗ್ಗೆ ಸ್ಕೇಲ್ ಹಿಡ್ಕೊಂಡು ತಿಳಿ ವೃತ್ತದ ಅಗಲ ಅಳೀತೀವಿ, ನಾವು ಅದಕ್ಕೆ ಝೋನ್ ಅಂತೀವಿ. ಸಿಪ್ರೊಗೆ ಈ.ಕೋಲಿಲಿ 26 ಮಿಲಿಮೀಟರ್ ಅಥವಾ ಅದಕ್ಕಿಂತ ಜಾಸ್ತಿ ಬಂದ್ರೆ ಸೆನ್ಸಿಟಿವ್, ಅಂದ್ರೆ ಔಷಧಿಗೆ ಬಗ್ಗುತ್ತೆ, ರಿಪೋರ್ಟ್‌ನಲ್ಲಿ ಎಸ್ ಅಂತ ಬರೀತೀವಿ, 21 ಅಥವಾ ಅದಕ್ಕಿಂತ ಕಮ್ಮಿ ಆದ್ರೆ ರೆಸಿಸ್ಟೆಂಟ್, ಅಂದ್ರೆ ಬಗ್ಗಲ್ಲ, ಅದಕ್ಕೆ ಆರ್. ಝೋನೇ ಇಲ್ಲ ಅಂದ್ರೆ 6 ಅಂತ ಬರೀತೀವಿ, ಯಾಕಂದ್ರೆ ಬಿಲ್ಲೆ ಅಗಲವೇ 6. ಈ ಪ್ಲೇಟ್‌ನಲ್ಲಿ ನಾನು ಮೂರು ಸಲ 6 ಅಂತ ಬರೆದಿದೀನಿ. ಈ ವಿಧಾನ 1966ರಿಂದ ಕಿರ್ಬಿ-ಬೌವರ್ ಅನ್ನೋ ಹೆಸರಲ್ಲಿ ನಡ್ಕೊಂಡು ಬಂದಿದೆ, ಈಗ ದೊಡ್ಡ ಮೆಷಿನ್‌ಗಳು ಬಂದಿವೆ ನಿಜ, ಆದ್ರೂ ಜಿಲ್ಲೆ ತಾಲೂಕು ಮಟ್ಟದಲ್ಲಿ ಇವತ್ತಿಗೂ ಕಾಗದದ ಬಿಲ್ಲೆ, ಒಂದು ಸ್ಕೇಲು, ಮತ್ತೆ ಕಣ್ಣು.

ಇಲ್ಲೊಂದು ಮಾತು ಸ್ಪಷ್ಟ ಮಾಡ್ಬೇಕು. ನನ್ನ ಬಾಡಿ ಆ ಮಾತ್ರೆಗೆ ಒಗ್ಗಿಹೋಗಿದೆ ಮೇಡಂ, ಅದಕ್ಕೇ ಕೇಳ್ತಿಲ್ಲ ಅಂತ ತುಂಬ ಜನ ಹೇಳ್ತಾರೆ. ಒಗ್ಗಿಹೋಗಿರೋದು ನಿಮ್ಮ ಬಾಡಿ ಅಲ್ಲ, ಒಳಗಿರೋ ಬ್ಯಾಕ್ಟೀರಿಯಾ. ಇದು ಯಾಕೆ ಮುಖ್ಯ ಅಂದ್ರೆ, ಬಾಡಿ ಒಗ್ಗಿದ್ರೆ ಅದು ನಿಮ್ಮೊಬ್ಬರ ಕಷ್ಟ ಆಗಿರ್ತಿತ್ತು. ಬ್ಯಾಕ್ಟೀರಿಯಾ ಒಗ್ಗಿದ್ರೆ ಅದು ನಿಮ್ಮಿಂದ ನಿಮ್ಮ ಮನೆಯವರಿಗೆ, ಪಕ್ಕದ ಬೆಡ್‌ನವರಿಗೆ, ಜೀವನದಲ್ಲಿ ಒಂದು ಆಂಟಿಬಯಾಟಿಕ್ ಮಾತ್ರೆ ನುಂಗದೇ ಇರೋ ಹಸುಗೂಸಿಗೂ ಹೋಗುತ್ತೆ. ಒಂದು ತಪ್ಪೂ ಮಾಡದ ಮಗು ಮೊದಲ ಸೋಂಕಿಗೇ ಔಷಧಿ ಇಲ್ಲದಂಗೆ ಆಗೋದನ್ನ ನಾನು ರಿಪೋರ್ಟ್‌ನಲ್ಲಿ ಸೈನ್ ಹಾಕಿ ಕಳಿಸಿದೀನಿ, ಆ ದಿನ ಮನೆಗೆ ಹೋಗಿ ಊಟ ಸೇರಲ್ಲ.

ಹತ್ತಿ ಬೆಳೆಯೋರು ಇಲ್ಲಿ ಇದೀರ ಅನ್ಸುತ್ತೆ. ಒಂದೇ ಔಷಧಿನ ವರ್ಷಾನುಗಟ್ಟಲೆ ಹೊಡೆದ್ರೆ ಹುಳ ಏನಾಗುತ್ತೆ ಅಂತ ನಿಮಗೆ ನಾನು ಹೇಳಬೇಕಿಲ್ಲ. ಸಾಯೋವು ಸಾಯ್ತವೆ, ಯಾವುದೋ ಕಾರಣಕ್ಕೆ ತಡ್ಕೊಂಡ ನಾಲ್ಕು ಉಳಿದ್ರೆ ಮುಂದಿನ ಸಂತಾನ ಪೂರ್ತಿ ಅವುಗಳದ್ದೇ. ಬ್ಯಾಕ್ಟೀರಿಯಾದಲ್ಲೂ ಹಂಗೇ, ಆದ್ರೆ ಅದಕ್ಕೆ ಹುಳಕ್ಕಿಲ್ಲದ ಇನ್ನೊಂದು ದಾರಿ ಇದೆ. ಹುಳ ತನ್ನ ಗುಣನ ಮಕ್ಕಳಿಗೆ ಮಾತ್ರ ಕೊಡುತ್ತೆ, ಬ್ಯಾಕ್ಟೀರಿಯಾ ಪಕ್ಕದಲ್ಲಿ ಕೂತಿರೋ ಬೇರೆ ಜಾತಿ ಬ್ಯಾಕ್ಟೀರಿಯಾಗೂ ದಾಟಿಸುತ್ತೆ. ಪ್ಲಾಸ್ಮಿಡ್ ಅಂತ ಡಿಎನ್‌ಎಯ ಒಂದು ಪುಟ್ಟ ಬಳೆ, ಅದರಲ್ಲಿ ನಾಲ್ಕೈದು ಔಷಧಿ ಎದುರಿಸೋ ಜೀನ್‌ಗಳು ಒಟ್ಟಿಗೇ ಕೂತಿರಬಹುದು, ಒಂದು ಕೊಟ್ಟಾಗ ಎಲ್ಲಾ ಹೋಗುತ್ತೆ. 1950ರ ದಶಕದಲ್ಲಿ ಜಪಾನಿನಲ್ಲಿ ರಕ್ತಭೇದಿ ರೋಗಿಗಳನ್ನ ನೋಡ್ತಿದ್ದೋರು ಇದನ್ನ ಮೊದಲು ಗುರುತಿಸಿದ್ದು, ಒಂದೇ ಏಟಿಗೆ ಹಲವು ಔಷಧಿಗೆ ಬಗ್ಗದ ಶಿಗೆಲ್ಲಾ, ಅಂದ್ರೆ ರಕ್ತಭೇದಿ ತರೋ ಬ್ಯಾಕ್ಟೀರಿಯಾ, ಸಿಗ್ತಿತ್ತು, ಆ ಗುಣ ಕರುಳಿನಲ್ಲಿರೋ ಈ.ಕೋಲಿಗೂ ಶಿಗೆಲ್ಲಾಗೂ ಮಧ್ಯೆ ದಾಟಾಡುತ್ತೆ ಅಂತ 1959ರಲ್ಲಿ ತೋರಿಸಿದ್ರು. ಅಂದ್ರೆ ನೀವು ಗಂಟಲು ನೋವಿಗೆ ನುಂಗಿದ ಮಾತ್ರೆ ಗಂಟಲಲ್ಲಿ ಮಾತ್ರ ಕೆಲಸ ಮಾಡಿ ಸುಮ್ನಾಗಲ್ಲ, ಕರುಳಲ್ಲಿರೋ ಕೋಟ್ಯಂತರ ಬ್ಯಾಕ್ಟೀರಿಯಾ ಮೇಲೂ ಬೀಳುತ್ತೆ, ಅಲ್ಲೂ ತಡ್ಕೊಂಡವು ಉಳ್ಕೊಳ್ತವೆ. ಗಂಟಲು ನೋವು ವೈರಸ್‌ದಾಗಿದ್ರೆ, ಹೆಚ್ಚಿನಪಾಲು ಅದೇ ಆಗಿರುತ್ತೆ, ಆ ಮಾತ್ರೆಯಿಂದ ಗಂಟಲಿಗೆ ಚೂರೂ ಉಪಯೋಗ ಇಲ್ಲ, ಕರುಳಿಗೆ ಮಾತ್ರ ಪೆಟ್ಟು.

ಎನ್‌ಡಿಎಂ ಅಂತ ಪೇಪರ್‌ನಲ್ಲಿ ಓದಿರ್ತೀರ, ಬ್ಯಾಕ್ಟೀರಿಯಾ ಔಷಧಿನ ಮುರಿಯೋಕೆ ಬಳಸೋ ಒಂದು ಕಿಣ್ವ ಅದು. ಅದರ ಕಥೆನೂ ಒಬ್ಬ ರೋಗಿಯ ಮೂತ್ರದ ಸ್ಯಾಂಪಲ್‌ನಿಂದಲೇ ಶುರು. ಸ್ವೀಡನ್‌ನಲ್ಲಿದ್ದ ಭಾರತ ಮೂಲದ ಒಬ್ಬರು ದೆಹಲಿಲಿ ಆಸ್ಪತ್ರೆ ಸೇರಿದ್ರು, ವಾಪಸ್ ಹೋದ್ಮೇಲೆ 2008ರಲ್ಲಿ ಅವರ ಮೂತ್ರದಲ್ಲಿ ಕ್ಲೆಬ್ಸಿಯೆಲ್ಲಾ ಅನ್ನೋ ಬ್ಯಾಕ್ಟೀರಿಯಾ ಸಿಕ್ತು, ದೊಡ್ಡ ಸೋಂಕಿಗೆ ಕೊಡೋ ಮೆರೊಪೆನೆಮ್ ಗುಂಪಿನ ಔಷಧಿಗಳನ್ನೇ ಕತ್ತರಿಸಿಹಾಕೋ ಹೊಸ ಕಿಣ್ವ ಅದರಲ್ಲಿತ್ತು. ಅದೇ ವ್ಯಕ್ತಿಯ ಮಲದಲ್ಲಿದ್ದ ಈ.ಕೋಲಿಲೂ ಆ ಕಿಣ್ವ ಮಾಡೋ ಅದೇ ಜೀನ್. ಒಂದೇ ಮೈಯೊಳಗೆ ಎರಡು ಜಾತಿಲಿ ಒಂದೇ ಅಸ್ತ್ರ. ಆ ಕಿಣ್ವದ ಹೆಸರಲ್ಲಿ ನ್ಯೂ ಡೆಲ್ಲಿ ಅಂತ ಸೇರಿಸಿದ್ದಕ್ಕೆ, ಎನ್‌ಡಿ ಅಂದ್ರೆ ಅದೇ, ನಮ್ಮ ದೇಶದಲ್ಲಿ ದೊಡ್ಡ ಗಲಾಟೆ ಆಯ್ತು, ಮೆಡಿಕಲ್ ಟೂರಿಸಂ ಹಾಳು ಮಾಡೋಕೆ ಅಂದ್ರು. ಊರಿನ ಹೆಸರು ರೋಗಕ್ಕೆ ಅಂಟಿಸೋದು ನನಗೂ ಇಷ್ಟ ಇಲ್ಲ, ಅದು ತಪ್ಪೇ. ಆದ್ರೆ ಹೆಸರಿನ ಜಗಳ ಎದ್ದಷ್ಟು ಜೋರಾಗಿ ವಿಷಯದ ಮಾತು ಏಳಲಿಲ್ಲ, ಅದು ನನಗೆ ಇವತ್ತಿಗೂ ನೋವು. 2011ರಲ್ಲಿ ದೆಹಲಿಲಿ ರಸ್ತೆ ಬದಿ ನಿಂತ ನೀರಿನ 171 ಸ್ಯಾಂಪಲ್ ನೋಡಿದಾಗ 51ರಲ್ಲಿ ಈ ಜೀನ್ ಇತ್ತು, ನಲ್ಲಿ ನೀರಿನ 50ರಲ್ಲಿ ಎರಡರಲ್ಲಿತ್ತು. ಆಸ್ಪತ್ರೆ ಗೋಡೆ ದಾಟಿ ಆಗಲೇ ಹೊರಗೆ ಬಂದುಬಿಟ್ಟಿತ್ತು.

ಈಗ ಐಸಿಯು ಒಳಗೆ ಬರೋಣ. ಅಲ್ಲಿಂದ ನಮಗೆ ಬರೋ ಸ್ಯಾಂಪಲ್‌ಗಳೇ ಬೇರೆ, ವೆಂಟಿಲೇಟರ್ ಟ್ಯೂಬ್‌ನಿಂದ ಎಳೆದ ಕಫ, ರಕ್ತ, ಆಪರೇಷನ್ ಗಾಯದ ಕೀವು. ಅಸಿನೆಟೊಬ್ಯಾಕ್ಟರ್ ಅಂತ ಒಂದು ಬ್ಯಾಕ್ಟೀರಿಯಾ ಇದೆ, ಹೊರಗೆ ಆರೋಗ್ಯವಾಗಿ ಓಡಾಡ್ಕೊಂಡಿರೋರಿಗೆ ಅದು ಸಾಮಾನ್ಯವಾಗಿ ಏನೂ ಮಾಡಲ್ಲ, ಆದ್ರೆ ಮಂಚದ ಕಂಬಿ, ಮಾನಿಟರ್ ಬಟನ್, ಸಿಸ್ಟರ್ ಟ್ರೇ ಮೇಲೆ ನೀರಿಲ್ಲದೇ ಒಣಗಿದ್ದೂ ವಾರಗಟ್ಟಲೆ ಬದುಕುತ್ತೆ, ಒಂದು ತೊಳೆಯದ ಕೈ ಸಿಕ್ಕಿದ್ರೆ ಸಾಕು ಮುಂದಿನ ಬೆಡ್‌ಗೆ ಹೋಗೋಕೆ. ಐಸಿಎಂಆರ್, ಅಂದ್ರೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ದೇಶದ ದೊಡ್ಡ ಆಸ್ಪತ್ರೆಗಳ ಲ್ಯಾಬ್‌ಗಳಿಂದ 2013ರಿಂದ ಈ ಲೆಕ್ಕ ಇಡ್ತಾ ಬಂದಿದೆ, ಈಚಿನ ವರ್ಷಗಳಲ್ಲಿ ಅಸಿನೆಟೊಬ್ಯಾಕ್ಟರ್‌ನಲ್ಲಿ ನೂರಕ್ಕೆ 90ರ ಆಸುಪಾಸು ಮೆರೊಪೆನೆಮ್‌ಗೆ ಬಗ್ಗಲ್ಲ. ಅಂಥ ರಿಪೋರ್ಟ್ ಬರೀವಾಗ ಸಾಲಾಗಿ ಆರ್, ಆರ್, ಆರ್, ಆರ್, ಕೊನೆಗೆ ಕೊಲಿಸ್ಟಿನ್ ಒಂದು ಉಳ್ಕೊಳ್ಳುತ್ತೆ. ಕೊಲಿಸ್ಟಿನ್ ಏನು ಹೊಸದಲ್ಲ, ಕಿಡ್ನಿಗೆ ಪೆಟ್ಟು ಕೊಡುತ್ತೆ ಅಂತ ದಶಕಗಳ ಹಿಂದೆ ಪಕ್ಕಕ್ಕಿಟ್ಟಿದ್ದ ಔಷಧಿ, ಬೇರೆ ಗತಿ ಇಲ್ಲ ಅಂತ ಮತ್ತೆ ತೆಗೆದಿರೋದು. ಅದನ್ನೇ ಕೋಳಿಗಳಿಗೆ ಬೇಗ ತೂಕ ಬರ್ಲಿ ಅಂತ ಮೇವಿನಲ್ಲಿ ಹಾಕ್ತಿದ್ರು, 2019ರಲ್ಲಿ ಕೇಂದ್ರ ಸರ್ಕಾರ ನಿಷೇಧ ಮಾಡ್ತು. ಒಳ್ಳೆ ಕೆಲಸ, ತಡವಾಗಿ ಆಯ್ತು.

ಈಗ ನಾನು ಇವತ್ತು ಹೇಳೋಕೆ ಬಂದ ಮಾತು. ನಮ್ಮ ತಂದೆಗೆ ಕೆಲವು ವರ್ಷದ ಹಿಂದೆ ಜ್ವರ ಬಂತು, ಚಳಿ ನಡುಕ. ಊರಿನ ಕ್ಲಿನಿಕ್‌ನಲ್ಲಿ ಎರಡು ದಿನ ಇಂಜೆಕ್ಷನ್ ಕೊಟ್ರು, ಗ್ಲೂಕೋಸ್ ಹಾಕಿದ್ರು. ಅಮ್ಮ ಫೋನ್ ಮಾಡಿ ಹೇಳಿದ್ಲು, ಈಗ ಪರವಾಗಿಲ್ಲ ಕಣೆ, ಸ್ವಲ್ಪ ಗಂಜಿ ಕುಡಿದ್ರು ಅಂತ. ನಾನು ದಿನಾ ಇದೇ ಕೆಲಸ ಮಾಡೋಳು, ಇಂಜೆಕ್ಷನ್ ಕೊಡೋಕೆ ಮುಂಚೆ ರಕ್ತ ತೆಗೆದ್ರಾ ಅಂತ ಒಂದು ಮಾತು ಕೇಳಲಿಲ್ಲ. ಮೂರನೇ ದಿನ ಬಿಪಿ ಇಳಿದು ದೊಡ್ಡ ಆಸ್ಪತ್ರೆಗೆ ಹಾಕಿದ್ವಿ, ಆವಾಗ ಬ್ಲಡ್ ಕಲ್ಚರ್ ಕಳಿಸಿದ್ರು. ಐದು ದಿನ ಕಾದ್ವಿ. ನೋ ಗ್ರೋತ್. ಅಂದ್ರೆ ಸೋಂಕಿಲ್ಲ ಅಂತ ಅಲ್ಲ, ಎರಡು ದಿನದ ಇಂಜೆಕ್ಷನ್‌ಗೆ ರಕ್ತದಲ್ಲಿದ್ದವು ಬಾಟಲಿಲಿ ಬೆಳೆಯೋ ಸ್ಥಿತಿಲಿ ಇರಲಿಲ್ಲ, ಆದ್ರೆ ಒಳಗೆ ಎಲ್ಲೋ ಇದ್ವು. ಯಾವ ಬ್ಯಾಕ್ಟೀರಿಯಾ ಅಂತ ಹೆಸರಿಲ್ಲ, ಯಾವುದಕ್ಕೆ ಬಗ್ಗುತ್ತೆ ಅಂತ ಗೊತ್ತಿಲ್ಲ. ಡಾಕ್ಟರ್‌ಗಳು ಕತ್ತಲಲ್ಲಿ ತಡಕಾಡಿದಂಗೆ ಒಂದಾದ್ಮೇಲೆ ಒಂದು ದೊಡ್ಡ ಔಷಧಿ ಬದಲಾಯಿಸ್ತಾ ಹೋದ್ರು, ಅವರನ್ನ ನಾನು ದೂರಲ್ಲ, ಅವರ ಕೈಲಿ ಹಿಡ್ಕೊಳ್ಳೋಕೆ ಏನೂ ಇರಲಿಲ್ಲ. ಅಪ್ಪ ಉಳಿದ್ರು. ಕಿಡ್ನಿ ಮಾತ್ರ ಮೊದಲಿನಂಗಿಲ್ಲ.

ಒಂದು ಸಿರಿಂಜ್ ರಕ್ತ ಮೊದಲನೇ ದಿನ ತೆಗೆದಿದ್ರೆ ಐದು ನಿಮಿಷದ ಕೆಲಸ. ಇದನ್ನ ಕೇಳಿ ಯಾರೂ ಔಷಧಿ ತಡ ಮಾಡಬಾರದು, ರಕ್ತಕ್ಕೆ ಸೋಂಕು ಏರಿದಾಗ ಒಂದೊಂದು ಗಂಟೆಗೂ ಬೆಲೆ ಇದೆ, ರಿಪೋರ್ಟ್ ಬರೋ ತನಕ ಕಾಯಿರಿ ಅಂತ ನಾನು ಹೇಳ್ತಾನೇ ಇಲ್ಲ. ಸ್ಯಾಂಪಲ್ ಮೊದಲು, ಹಿಂದೆನೇ ಔಷಧಿ, ರಿಪೋರ್ಟ್ ಬಂದ್ಮೇಲೆ ಬೇಕಾದ್ರೆ ಬದಲಾವಣೆ, ಆಗ ಎಷ್ಟೋ ಸಲ ದೊಡ್ಡ ಔಷಧಿಯಿಂದ ಚಿಕ್ಕ ಔಷಧಿಗೆ ಇಳಿಬಹುದು, ಖರ್ಚೂ ಕಮ್ಮಿ. ನೀವು ರೋಗಿ ಕಡೆಯವರಾಗಿ ಇಷ್ಟು ಕೇಳಬಹುದು: ಸರ್, ಆಂಟಿಬಯಾಟಿಕ್ ಶುರು ಮಾಡೋಕೆ ಮುಂಚೆ ಕಲ್ಚರ್ ಕಳಿಸಬೇಕಾ? ಇದರಲ್ಲಿ ಡಾಕ್ಟರ್‌ಗೆ ಬೇಜಾರಾಗೋಂಥದ್ದು ಏನಿಲ್ಲ. ಎಲ್ಲಾ ಜ್ವರಕ್ಕೂ ಕಲ್ಚರ್ ಬೇಕಿಲ್ಲ, ಬೇಡ ಅಂದ್ರೆ ಯಾಕೆ ಬೇಡ ಅಂತ ಅವರೇ ಹೇಳ್ತಾರೆ.

ಇಷ್ಟು ಪರ್ಸೆಂಟ್ ಬ್ಯಾಕ್ಟೀರಿಯಾಗೆ ಔಷಧಿ ನಾಟಲ್ಲ ಅಂತ ಹೆಡ್ಡಿಂಗ್ ಬರುತ್ತಲ್ಲ, ಅದನ್ನ ಓದೋದು ಹೇಗೆ ಅಂತ ಒಂದೆರಡು ಮಾತು. ಐಸಿಎಂಆರ್ ಲೆಕ್ಕದಲ್ಲಿ, ಮೆರೊಪೆನೆಮ್ ಗುಂಪಿನದ್ದೇ ಆದ ಇಮಿಪೆನೆಮ್‌ಗೆ ಬಗ್ಗೋ ಈ.ಕೋಲಿ 2017ರಲ್ಲಿ ನೂರಕ್ಕೆ ಸುಮಾರು 81 ಇತ್ತು, 2023ಕ್ಕೆ 63ರ ಹತ್ರ ಬಂತು. ಕ್ಲೆಬ್ಸಿಯೆಲ್ಲಾ 58ರಿಂದ 36ರ ಹತ್ರಕ್ಕೆ. ಆರು ವರ್ಷದಲ್ಲಿ ಇಷ್ಟು ಇಳಿಯೋದು ಭಯ ಪಡೋ ವಿಷಯನೇ. ಆದ್ರೆ ಈ ಸ್ಯಾಂಪಲ್‌ಗಳು ಯಾರದ್ದು ಅಂತ ಯೋಚನೆ ಮಾಡಿ. ದೊಡ್ಡ ಆಸ್ಪತ್ರೆಗೆ ಬಂದೋರದ್ದು, ಅದರಲ್ಲೂ ಎಷ್ಟೋ ಜನ ಮೊದಲು ಎರಡು ಮೂರು ಕಡೆ ಔಷಧಿ ತಗೊಂಡು ವಾಸಿಯಾಗದೇ ಬಂದೋರು. ಮೊದಲ ಮಾತ್ರೆಗೇ ಗುಣ ಆದೋರು ನಮ್ಮ ಲ್ಯಾಬ್ ಬಾಗಿಲಿಗೇ ಬರಲ್ಲ, ಅವರ ಬ್ಯಾಕ್ಟೀರಿಯಾ ಈ ಲೆಕ್ಕದಲ್ಲಿಲ್ಲ. ಅದಕ್ಕೇ ಹಳ್ಳಿಲಿ ಮೊದಲ ಸಲ ಉರಿಮೂತ್ರ ಬಂದ ಹುಡುಗಿಗೆ ಐಸಿಯು ಲೆಕ್ಕ ನೋಡಿ ದೊಡ್ಡ ಇಂಜೆಕ್ಷನ್ ಹಾಕೋದು ತಪ್ಪು. ಪ್ರತಿ ಆಸ್ಪತ್ರೆ ತನ್ನದೇ ಲೆಕ್ಕ ಮಾಡ್ಕೋಬೇಕು, ಅದಕ್ಕೆ ಆಂಟಿಬಯೋಗ್ರಾಂ ಅಂತೀವಿ, ಒಬ್ಬ ರೋಗಿದು ಮೊದಲ ಸ್ಯಾಂಪಲ್ ಮಾತ್ರ ಸೇರಿಸಬೇಕು, ಒಂದು ಬ್ಯಾಕ್ಟೀರಿಯಾಗೆ ಕಮ್ಮಿ ಅಂದ್ರೂ 30 ಸ್ಯಾಂಪಲ್ ಇದ್ರೆ ಮಾತ್ರ ಪರ್ಸೆಂಟ್ ಬರೀಬೇಕು. ಇಲ್ಲಾಂದ್ರೆ ಎರಡು ತಿಂಗಳು ಐಸಿಯುನಲ್ಲಿ ಮಲಗಿರೋ ಒಬ್ಬರ ಹತ್ತು ಸ್ಯಾಂಪಲ್ಲೇ ಇಡೀ ಊರಿನ ಚಿತ್ರ ಆಗಿಬಿಡುತ್ತೆ.

ಸಮಾಧಾನದ ಒಂದು ವಿಷಯನೂ ಇದೆ, ಟೈಫಾಯ್ಡ್‌ದು. ಒಂದು ಕಾಲಕ್ಕೆ ಅದಕ್ಕೆ ಕ್ಲೋರಾಂಫೆನಿಕಾಲ್ ಅಂದ್ರೆ ರಾಮಬಾಣ. 1972ರಲ್ಲಿ ನಮ್ಮ ಪಕ್ಕದ ಕೇರಳದ ಕೋಯಿಕ್ಕೋಡ್‌ನಲ್ಲೇ ಅದಕ್ಕೆ ಬಗ್ಗದ ಟೈಫಾಯ್ಡ್ ಹಬ್ಬಿತು, ಮುಂದೆ ದೇಶದ ತುಂಬ ಆಯ್ತು, ಡಾಕ್ಟರ್‌ಗಳು ಅದನ್ನ ಬರೆಯೋದೇ ಬಿಟ್ಟು ಸಿಪ್ರೊಗೆ ಹೋದ್ರು, ಸಿಪ್ರೊನೂ ಕೈಕೊಟ್ಟು ಈಗ ಸೆಫ್ಟ್ರಿಯಾಕ್ಸೋನ್, ಅಜಿಥ್ರೊಮೈಸಿನ್. ಈಗ ಟೈಫಾಯ್ಡ್ ಬ್ಯಾಕ್ಟೀರಿಯಾ ಬೆಳೆದಾಗ ಹಳೇ ಕ್ಲೋರಾಂಫೆನಿಕಾಲ್ ಬಿಲ್ಲೆ ಇಟ್ರೆ ಮಾರನೇ ದಿನ ದೊಡ್ಡ ತಿಳಿ ವೃತ್ತ! ದಶಕಗಟ್ಟಲೆ ಆ ಔಷಧಿ ಒತ್ತಡ ಇಲ್ಲದಿದ್ದಾಗ ಬೇಡದ ಆಯುಧ ಹೊತ್ತ ತಳಿಗಳು ಹಿಂದೆ ಬಿದ್ವು. ಹಂಗಂತ ನಾಳೆಯಿಂದ ಎಲ್ಲಾರೂ ಅದನ್ನೇ ತಗೋಬೇಕು ಅಂತ ಅಲ್ಲ, ಅಪರೂಪಕ್ಕೆ ಮೂಳೆಮಜ್ಜೆಗೆ ತೊಂದರೆ ಕೊಡೋ ಔಷಧಿ ಅದು, ಮತ್ತೆ ಎಲ್ಲಾ ಬ್ಯಾಕ್ಟೀರಿಯಾನೂ ಹಿಂಗೆ ಬಿಟ್ಟುಕೊಡಲ್ಲ. ಆದ್ರೂ ಮೊದಲ ಸಲ ಆ ವೃತ್ತ ಅಳೆದಾಗ ನಾನು ಸ್ಕೇಲ್ ಮತ್ತೊಂದು ಸಲ ಇಟ್ಟು ನೋಡಿದೆ, ಅಷ್ಟು ಖುಷಿ.

ಆ ಹೆಣ್ಣುಮಗಳ ಪ್ಲೇಟ್‌ನಲ್ಲಿ ತಿಳಿ ವೃತ್ತ ಇದ್ದ ಎರಡು ಬಿಲ್ಲೆ ಯಾವುದು ಅಂತ ಹಿಂದಿನ ಸಾಲಿನಿಂದ ಕೇಳಿದ್ರು. ನೈಟ್ರೊಫ್ಯುರಾಂಟಾಯಿನ್, ಫಾಸ್ಫೊಮೈಸಿನ್. ಎರಡೂ ಹಳೇವು. ನೈಟ್ರೊಫ್ಯುರಾಂಟಾಯಿನ್ ಮೂತ್ರದಲ್ಲಿ ಮಾತ್ರ ಚೆನ್ನಾಗಿ ಸೇರುತ್ತೆ, ರಕ್ತದಲ್ಲಿ ಸಾಕಷ್ಟು ನಿಲ್ಲಲ್ಲ, ಹಂಗಾಗಿ ಸೋಂಕು ಮೂತ್ರಕೋಶದಲ್ಲಿದ್ರೆ ಸರಿ, ಕಿಡ್ನಿಗೆ ಏರಿ ಚಳಿಜ್ವರ ಬಂದಿದ್ರೆ ಅದು ಸಾಲದು, ಕಿಡ್ನಿ ವೀಕ್ ಇರೋರಿಗೂ ಆಗಲ್ಲ. ಅದಕ್ಕೇ ರಿಪೋರ್ಟ್‌ನಲ್ಲಿ ಎಸ್ ಅಂತ ಇದ್ದ ಮಾತ್ರಕ್ಕೆ ನೀವೇ ಹೋಗಿ ಕೊಳ್ಳೋ ಹಂಗಿಲ್ಲ. ಆಕೆಗೆ ಜ್ವರ ಇರಲಿಲ್ಲ, ಕಿಡ್ನಿ ಚೆನ್ನಾಗಿತ್ತು, ಡಾಕ್ಟರ್ ಐದು ದಿನಕ್ಕೆ ನೈಟ್ರೊಫ್ಯುರಾಂಟಾಯಿನ್ ಬರೆದ್ರು, ಉರಿ ಹೋಯ್ತು, ಶುಗರ್ ಹತೋಟಿಗೆ ತರೋ ಕೆಲಸನೂ ಶುರು ಆಯ್ತು. ಇನ್ನೊಂದು, ಉರಿ ನೋವು ಜ್ವರ ಏನೂ ಇಲ್ಲದೇ ಸುಮ್ನೆ ಚೆಕಪ್‌ಗೆ ಮಾಡಿಸಿದ ಕಲ್ಚರ್‌ನಲ್ಲಿ ಬ್ಯಾಕ್ಟೀರಿಯಾ ಬೆಳೆದ್ರೆ ಹೆಚ್ಚಿನವರಿಗೆ ಔಷಧಿನೇ ಬೇಡ, ಬಸುರಿಯರು, ಮೂತ್ರನಾಳದ ಆಪರೇಷನ್‌ಗೆ ಹೋಗೋರು ಇಂಥವರನ್ನ ಬಿಟ್ಟು. ಈ ಮಾತಿಗೆ ಜನ ಒಪ್ಪೋದು ಕಷ್ಟ, ಕಾಗದದ ಮೇಲೆ ಬ್ಯಾಕ್ಟೀರಿಯಾ ಹೆಸರು ನೋಡಿದ ಮೇಲೆ ಸುಮ್ನಿರೋಕೆ ಮನಸ್ಸು ಬರಲ್ಲ, ನನಗೆ ಅರ್ಥ ಆಗುತ್ತೆ.

ಆಂಟಿಬಯಾಟಿಕ್ ಹೀಟು, ಅದಕ್ಕೆ ಎರಡು ದಿನಕ್ಕೆ ನಿಲ್ಲಿಸಿದೆ ಅಂತ ಒಬ್ಬರು ಅಜ್ಜಿ ಹೇಳಿದ್ರಲ್ಲ. ಬಾಯಿ ಹುಣ್ಣು, ಹೊಟ್ಟೆ ಉರಿ, ಭೇದಿ ಆಗೋದು ನಿಜ ಅಜ್ಜಿ, ಅದನ್ನ ಡಾಕ್ಟರ್‌ಗೆ ಹೇಳಿ, ಬೇರೆ ಕೊಡ್ತಾರೆ ಇಲ್ಲಾ ದಿನ ಕಮ್ಮಿ ಮಾಡ್ತಾರೆ. ಈಗ ಎಷ್ಟೋ ಸೋಂಕಿಗೆ ಮೊದಲಿಗಿಂತ ಕಮ್ಮಿ ದಿನ ಸಾಕು ಅಂತ ಗೊತ್ತಾಗಿದೆ, ಎಷ್ಟು ದಿನ ಅನ್ನೋದನ್ನ ಅವರೇ ಹೇಳಲಿ. ಉಳಿದ ಮಾತ್ರೆನ ಫ್ರಿಜ್ ಮೇಲಿನ ಡಬ್ಬಿಲಿ ಹಾಕಿ ಮುಂದಿನ ಸಲ ಮೊಮ್ಮಗನಿಗೆ ಕೊಡೋದು ಮಾತ್ರ ಬೇಡ. ಸ್ಟ್ರಿಪ್ ಹಿಂದೆ ಉದ್ದಕ್ಕೆ ಕೆಂಪು ಗೆರೆ ಇದ್ರೆ ಅದು ಚೀಟಿ ಇಲ್ಲದೇ ಮಾರೋ ಹಂಗಿಲ್ಲ ಅಂತ ಗುರುತು. ಸೆಫಿಕ್ಸಿಮ್, ಲಿವೊಫ್ಲಾಕ್ಸಸಿನ್ ಥರದ್ದಕ್ಕೆ 2014ರಿಂದ ಮೆಡಿಕಲ್‌ನವರು ರೋಗಿ ಹೆಸರು, ಡಾಕ್ಟರ್ ಹೆಸರು ಬರೆದು ಮೂರು ವರ್ಷ ರಿಜಿಸ್ಟರ್ ಇಡಬೇಕು ಅಂತ ಕಾನೂನೇ ಇದೆ.

ಮೂತ್ರದ ಸ್ಯಾಂಪಲ್ ಹೇಗೆ ಕೊಡಬೇಕು ಅಂತ ಕೇಳಿದ್ದು ಒಳ್ಳೇ ಪ್ರಶ್ನೆ, ಇದನ್ನ ಯಾರೂ ಬಿಡಿಸಿ ಹೇಳಲ್ಲ, ಡಬ್ಬಿ ಕೈಗಿಟ್ಟು ಹೋಗಿ ಅಂತಾರೆ. ಲ್ಯಾಬ್ ಕೊಟ್ಟ ಡಬ್ಬಿನೇ ತಗೊಳ್ಳಿ, ಮನೆಯ ತೊಳೆದ ಬಾಟಲಿ ಬೇಡ. ಕೈ ತೊಳ್ಕೊಳ್ಳಿ, ಮೂತ್ರ ಬರೋ ಜಾಗನ ಬರೀ ನೀರಲ್ಲಿ ತೊಳ್ಕೊಳ್ಳಿ, ಡೆಟ್ಟಾಲ್ ಹಾಕಬೇಡಿ. ಮೊದಲು ಸ್ವಲ್ಪ ಹೊರಗೆ ಬಿಟ್ಟು, ನಿಲ್ಲಿಸದೇ ಮಧ್ಯದ್ದನ್ನ ಡಬ್ಬಿಗೆ ಹಿಡೀರಿ, ಕೊನೇದು ಮತ್ತೆ ಹೊರಗೆ. ಮುಚ್ಚಳದ ಒಳಗೆ ಬೆರಳು ತಾಗಬಾರದು. ಎರಡು ಗಂಟೆ ಒಳಗೆ ಲ್ಯಾಬ್‌ಗೆ ಮುಟ್ಟಿಸಿ, ದೂರದ ಹಳ್ಳಿಯಿಂದ ಬರೋರಾದ್ರೆ ಊರಲ್ಲಿ ಹಿಡ್ಕೊಂಡು ಬಸ್ಸಲ್ಲಿ ಬಿಸಿಲಲ್ಲಿ ತರಬೇಡಿ, ದಾರಿಲೇ ಹೆಪ್ಪಾಗಿಬಿಡುತ್ತೆ, ಒಂದು ನೂರಾಗಿರುತ್ತೆ, ನಮ್ಮ ಎಣಿಕೆ ಸುಳ್ಳಾಗುತ್ತೆ. ಲ್ಯಾಬ್‌ಗೆ ಬಂದು ಅಲ್ಲೇ ಕೊಡಿ. ಈಗಾಗಲೇ ಯಾವುದಾದ್ರೂ ಮಾತ್ರೆ ನುಂಗಿದ್ರೆ ಮುಚ್ಚಿಡಬೇಡಿ, ಬೈತೀವಿ ಅಂತ ಹೆದರಬೇಡಿ, ಸ್ಟ್ರಿಪ್ ಇದ್ರೆ ತಗೊಂಡು ಬನ್ನಿ, ಕಿಟಕಿ ಹತ್ರ ಇರೋ ಹುಡುಗ ಫಾರಂ ಮೇಲೆ ಅದರ ಹೆಸರು ಬರ್ಕೊಳ್ತಾನೆ.